ಮರುಭೂಮಿಯ ಬೆಟ್ಟದಲ್ಲಿ ಸುತ್ತುದಾರಿ ಚಾರಣ: ಬೆಳಿಗ್ಗೆ ಹೊರಟು ಅದೇ ದಿನ ಸುರಕ್ಷಿತವಾಗಿ ಮರಳುವ ಕ್ರಮ

ಮರುಭೂಮಿಯ ಬೆಟ್ಟಗಳಲ್ಲಿ ಒಂದು ದಿನದ ಸುತ್ತುದಾರಿಗೆ, ಅಂದರೆ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಯಿಂದ ಹೊರಟಲ್ಲಿಗೇ ಮರಳುವ ದಾರಿಗೆ ಹೋದವರು ಸೋಲುವುದು ಸಾಮಾನ್ಯವಾಗಿ ಕೊನೆಯ ಮೂರನೇ ಒಂದು ಭಾಗದಲ್ಲಿ. ಏರು ಮುಗಿದಿರುತ್ತದೆ, ಫೋಟೊ ತೆಗೆದಾಗಿರುತ್ತದೆ, ಇನ್ನೇನು ಇಳಿದರಾಯಿತು ಅಂದುಕೊಳ್ಳುವ ಹೊತ್ತಿಗೆ ಬಾಟಲಿ ಬರಿದು, ಬಿಸಿಲು ನೆತ್ತಿಯ ಮೇಲೆ, ಕಾಲ್ದಾರಿ ಯಾವುದೋ ಒಣಹಳ್ಳದೊಳಗೆ ಕಾಣೆ. ಹೋದ ದಾರಿಯಲ್ಲೇ ಮರಳುವ ಚಾರಣದಲ್ಲಿ ವಾಪಸ್ ಬರುವಾಗ ಪ್ರತಿ ತಿರುವೂ ಒಮ್ಮೆ ನೋಡಿದ್ದೇ ಆಗಿರುತ್ತದೆ. ಸುತ್ತುದಾರಿಯಲ್ಲಿ ಆ ಅನುಕೂಲ ಇಲ್ಲ. ದಣಿದ ಕಾಲು, ಕಮ್ಮಿ ನೀರು, ಹೆಚ್ಚು ಬಿಸಿಲು, ಜೊತೆಗೆ ಗೊತ್ತಿಲ್ಲದ ದಾರಿ, ನಾಲ್ಕೂ ಒಟ್ಟಿಗೆ ಎದುರಾಗುತ್ತವೆ.

ಅದಕ್ಕೇ ಕೆಳಗಿನ ಹಂತಗಳಲ್ಲಿ ಬಹುಪಾಲು ಮನೆಯಲ್ಲಿ ಕುಳಿತು ಮಾಡುವಂಥವು. ಕ್ರಮವನ್ನು ಮಾತ್ರ ಬದಲಿಸಬೇಡಿ. ಯಾವ ಕಡೆಯಿಂದ ಸುತ್ತುತ್ತೀರಿ ಎಂದು ತೀರ್ಮಾನಿಸದೆ ಸಮಯದ ಲೆಕ್ಕ ಬರುವುದಿಲ್ಲ, ಸಮಯ ಗೊತ್ತಾಗದೆ ನೀರಿನ ಲೆಕ್ಕ ಬರುವುದಿಲ್ಲ.

## ಹಂತ 1: ದಿನ ಆರಿಸಿಕೊಳ್ಳಿ

ಮೊದಲು ನೋಡಬೇಕಾದದ್ದು ತಾಪಮಾನ. ಹವಾಮಾನ ವರದಿ ಯಾವ ಎತ್ತರದ ಜಾಗಕ್ಕೆ ಎಂಬುದನ್ನು ಗಮನಿಸಿ. 1000 ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಒಣಗಾಳಿಯಲ್ಲಿ ಇನ್ನೂ ಹೆಚ್ಚು ಇಳಿಯಬಹುದು. ಅಂದರೆ ಬೆಳಿಗ್ಗೆ ತಂಪಿನಲ್ಲಿ ಏರಿ, ಮಧ್ಯಾಹ್ನ ಅದೇ ಬೆಟ್ಟದ ಅತಿ ಬಿಸಿಯಾದ ಬುಡಕ್ಕೆ ಇಳಿಯುತ್ತೀರಿ. ಶಿಖರದಲ್ಲಿ ಹಿತವಾಗಿತ್ತಲ್ಲ ಎಂಬ ಮಾತು ಇಲ್ಲಿ ಕೆಲಸಕ್ಕೆ ಬಾರದು. ಬುಡದಲ್ಲಿ 35 ಡಿಗ್ರಿ ದಾಟುವ ದಿನವಾದರೆ ಹೊಸಬರು ಬೇರೆ ದಿನ ನೋಡಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಉದ್ಯಾನದವರು ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ನಡೆಯಲೇಬೇಡಿ ಎನ್ನುತ್ತಾರೆ. ಬೇರೆ ಬಿಸಿ ಬೆಟ್ಟಗಳಿಗೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಎರಡನೆಯದು ಮಳೆ. ನಿಮ್ಮ ತಲೆಯ ಮೇಲಿನ ಆಕಾಶ ನೋಡಿದರೆ ಸಾಲದು, ನೀವು ನಡೆಯುವ ಕಣಿವೆಗೆ ನೀರು ಎಲ್ಲಿಂದ ಹರಿದು ಬರುತ್ತದೋ ಆ ಇಡೀ ಪ್ರದೇಶದ ಮುನ್ಸೂಚನೆ ನೋಡಬೇಕು. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಲೋಪ್ ಕಣಿವೆಯಲ್ಲಿ 11 ಮಂದಿ ಕೊಚ್ಚಿಹೋದಾಗ ಮಳೆ ಜೋರಾಗಿ ಸುರಿದದ್ದು ಹಲವು ಕಿಲೋಮೀಟರ್ ಆಚೆ, ಮೇಲ್ಭಾಗದಲ್ಲಿ. ಬಂಡೆ ಮತ್ತು ಗಟ್ಟಿ ನೆಲ ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ಹಳ್ಳಕ್ಕೇ. ದಾರಿಯಲ್ಲಿ ಇಕ್ಕಟ್ಟಿನ ಕಣಿವೆ ಇದ್ದು, ಮೇಲ್ಭಾಗದಲ್ಲಿ ಗುಡುಗುಮಳೆಯ ಸೂಚನೆ ಇದ್ದರೆ ಆ ದಿನ ಬಿಡಿ.

ದಾರಿ ತೆರೆದಿದೆಯೇ, ಅನುಮತಿ ಬೇಕೇ ಎಂದು ಕೇಳಿ ತಿಳಿದುಕೊಳ್ಳಿ. ಅತಿ ಬಿಸಿಲಿನ ದಿನಗಳಲ್ಲಿ ಕೆಲವು ದಾರಿಗಳನ್ನು ಮುಚ್ಚುವುದುಂಟು.

## ಹಂತ 2: ನಕ್ಷೆಯ ಮೇಲೆ ಒಮ್ಮೆ ಸುತ್ತಿ ಬನ್ನಿ

ಎತ್ತರದ ರೇಖೆಗಳಿರುವ ನಕ್ಷೆ ಬೇಕು. ಬರೀ ರಸ್ತೆ ತೋರಿಸುವ ಮ್ಯಾಪ್ ಸಾಕಾಗದು. ಪೆನ್ಸಿಲ್ ಹಿಡಿದು ಇಷ್ಟನ್ನು ಗುರುತು ಮಾಡಿ: ದಾರಿ ಕವಲೊಡೆಯುವ ಜಾಗಗಳು, ದಾರಿ ಒಣಹಳ್ಳಕ್ಕೆ ಇಳಿಯುವ ಮತ್ತು ಅದರಿಂದ ಮೇಲೇಳುವ ಜಾಗಗಳು, ಎರಡು ಶಿಖರಗಳ ನಡುವಿನ ತಗ್ಗು, ನಡುವೆ ರಸ್ತೆಗೆ ತಲುಪಿಸುವ ಅಡ್ಡದಾರಿ ಇದ್ದರೆ ಅದು.

ಹಳ್ಳದಿಂದ ಮೇಲೇಳುವ ಜಾಗಕ್ಕೆ ಎರಡು ಸಲ ಗೆರೆ ಎಳೆಯಿರಿ. ದಾರಿ ತಪ್ಪಿದವರಲ್ಲಿ ಹೆಚ್ಚಿನವರು ತಪ್ಪುವುದು ಅಲ್ಲೇ.

ನಕ್ಷೆಯಲ್ಲಿ ನೀಲಿ ಬಣ್ಣದ ತುಂಡು ಗೆರೆ ಕಂಡರೆ ಅದು ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ಅದನ್ನು ನೀರಿನ ಲೆಕ್ಕಕ್ಕೆ ಸೇರಿಸಬೇಡಿ. ‘ಚಿಲುಮೆ’ ಎಂದು ಬರೆದಿದ್ದರೂ ಈಚೆಗೆ ಅಲ್ಲಿ ನೀರು ಕಂಡವರು ಇದ್ದಾರೆಯೇ ಎಂದು ಅರಣ್ಯ ಅಥವಾ ಉದ್ಯಾನದ ಸಿಬ್ಬಂದಿಯನ್ನು ಕೇಳದೆ ನಂಬುವಂತಿಲ್ಲ.

ಆಮೇಲೆ ಫೋನಿಗೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಇಳಿದಿದೆಯೇ ಎಂದು ಏರೋಪ್ಲೇನ್ ಮೋಡ್ ಹಾಕಿ ಮನೆಯಲ್ಲೇ ತೆರೆದು ನೋಡಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ನಕ್ಷೆಯೇ ಇಳಿದಿರದಿದ್ದರೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಕಂಡು ಏನು ಪ್ರಯೋಜನ? ಕೊನೆಯದಾಗಿ ಅಂಗೈ ಅಗಲದ ಚೀಟಿಯಲ್ಲಿ ತಿರುವುಗಳನ್ನು ಬರೆದುಕೊಳ್ಳಿ. ‘2.1 ಕಿ.ಮೀ. – ಕವಲು, ಬಲಕ್ಕೆ. 3.4 – ಹಳ್ಳಕ್ಕೆ ಇಳಿ. 4.2 – ಹಳ್ಳ ಬಿಟ್ಟು ಎಡಕ್ಕೆ ಹತ್ತು.’ ಈ ಚೀಟಿ ಜೇಬಿನಲ್ಲಿರಲಿ. ಬ್ಯಾಗಿನೊಳಗೆ ಹೋದರೆ ಅದನ್ನು ಯಾರೂ ತೆಗೆದು ನೋಡುವುದಿಲ್ಲ.

## ಹಂತ 3: ಯಾವ ಕಡೆಯಿಂದ ಸುತ್ತುವುದು ಎಂದು ತೀರ್ಮಾನಿಸಿ

ದಾರಿ ಆರಂಭವಾಗುವಲ್ಲಿನ ಫಲಕ ಯಾವ ಕಡೆಗೆ ಬಾಣ ತೋರಿಸುತ್ತದೋ ಆ ಕಡೆಗೆ ಹೋಗುವುದು ರೂಢಿ. ಅದಕ್ಕಿಂತ ಈ ಮೂರನ್ನು ತೂಗಿ ನೋಡುವುದು ಮೇಲು.

ಕಡಿದಾದ, ಸಡಿಲ ಕಲ್ಲಿನ ಇಳಿಜಾರು ಯಾವ ಬದಿಗಿದೆ? ಅದನ್ನು ಹತ್ತಿ, ಇಳಿಯಬೇಡಿ. ಉರುಳುಕಲ್ಲಿನ ಮೇಲೆ ಹತ್ತುವಾಗ ಉಸಿರು ಕಟ್ಟುತ್ತದೆ ಅಷ್ಟೇ, ಇಳಿಯುವಾಗ ಪಾದ ಜಾರಿ ಬೀಳುತ್ತೀರಿ. ಹಳ್ಳದ ನಡುವೆ ಬಂಡೆಯ ನುಣುಪಾದ ಜಿಗಿತ, ಅಂದರೆ ನೀರಿಲ್ಲದ ಜಲಪಾತ ಇದ್ದರಂತೂ ಇದು ಇನ್ನೂ ಮುಖ್ಯ. ಮೇಲಿಂದ ಬಂದವರು ಜಾರುತ್ತ ಇಳಿದುಬಿಡುತ್ತಾರೆ. ಮುಂದೆ ಇನ್ನೊಂದು ದೊಡ್ಡ ಜಿಗಿತ ಸಿಕ್ಕಾಗ ಇಳಿಯಲೂ ಆಗದು, ಹಿಂದಕ್ಕೆ ಹತ್ತಲೂ ಆಗದು. ಹಿಂದಕ್ಕೆ ಹತ್ತಲಾರದ್ದನ್ನು ಇಳಿಯಬಾರದು.

ನೆರಳು ಎಲ್ಲಿ, ಯಾವಾಗ? ಬೆಳಿಗ್ಗೆ ಪಡುವಣ ಮೈಯ ಇಳಿಜಾರು ನೆರಳಲ್ಲಿರುತ್ತದೆ, ಮಧ್ಯಾಹ್ನದ ನಂತರ ಮೂಡಣ ಮೈ. ಹೀಗಾಗಿ ಪಡುವಣ ಬದಿಯಿಂದ ಹತ್ತಿ ಮೂಡಣ ಬದಿಯಿಂದ ಇಳಿದರೆ ಎರಡೂ ಹೊತ್ತು ಬೆಟ್ಟವೇ ಕೊಡೆ ಹಿಡಿಯುತ್ತದೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಬಹಳ ದೂರದಲ್ಲಿರುವ ಬೆಟ್ಟಗಳಲ್ಲಿ ದಕ್ಷಿಣದ ಮೈ ದಿನವಿಡೀ ಬಿಸಿಲಿಗೆ ಸುಡುತ್ತದೆ. ಅದನ್ನು ಬೆಳಗ್ಗೆಯೇ ಮುಗಿಸಿ.

ಗುರುತು ಕಡಿಮೆ ಇರುವ ಭಾಗ ಯಾವುದು? ತಲೆ ಚುರುಕಾಗಿರುವ ಬೆಳಗಿನ ಹೊತ್ತಿಗೆ ಅದು ಸಿಗಲಿ, ಅಗಲವಾದ ಸ್ಪಷ್ಟ ದಾರಿ ಕೊನೆಗೆ ಉಳಿಯಲಿ. ಇಕ್ಕಟ್ಟಿನ ಕಣಿವೆಯೂ ಬೆಳಗ್ಗೆಯೇ ಮುಗಿಯುವುದು ಲೇಸು, ಏಕೆಂದರೆ ಬೇಸಿಗೆಯ ಗುಡುಗುಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ.

ಈ ಮೂರೂ ಒಂದೇ ಉತ್ತರ ಕೊಡುವುದು ಅಪರೂಪ. ತಾಕಲಾಟ ಬಂದರೆ ಮೊದಲಿನದಕ್ಕೇ ಬೆಲೆ ಕೊಡಿ. ಬಿಸಿಲಿಗೆ ಮುಂಚೆಯೇ ಹೊರಟು ಪರಿಹಾರ ಕಂಡುಕೊಳ್ಳಬಹುದು, ಉಳುಕಿದ ಕಾಲಿಗೆ ಅಂಥ ಪರಿಹಾರ ಇಲ್ಲ.

## ಹಂತ 4: ಸಮಯ ಲೆಕ್ಕ ಹಾಕಿ, ನಿರ್ಧಾರದ ಜಾಗ ಗುರುತಿಸಿ

ಸ್ಕಾಟ್ಲೆಂಡ್‌ನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ನಡೆಯುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ತಂಪು ನಾಡಿನ ಗಟ್ಟಿಗರ ಲೆಕ್ಕ. ಬಿಸಿಲು, ಕಲ್ಲು, ಮರಳು, ವಿಶ್ರಾಂತಿ ಎಲ್ಲ ಸೇರಿಸಿ ಬಂದ ಮೊತ್ತಕ್ಕೆ ಅದರ ಅರ್ಧ ಕೂಡಿಸಿ.

ಒಂದು ಉದಾಹರಣೆ ನೋಡೋಣ. ಸುತ್ತು 13 ಕಿಲೋಮೀಟರ್, ಏರು 650 ಮೀಟರ್, ಏರೆಲ್ಲ ಮುಗಿಯುವ ಕಣಿವೆಬಾಗಿಲು, ಅಂದರೆ ಎರಡು ಶಿಖರಗಳ ನಡುವಿನ ತಗ್ಗು, 6ನೇ ಕಿಲೋಮೀಟರಿನಲ್ಲಿ ಎಂದಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಸುಮಾರು 3 ಗಂಟೆ 40 ನಿಮಿಷ, ಅರ್ಧ ಕೂಡಿಸಿದರೆ ಐದೂವರೆ ಗಂಟೆ. ಬೆಳಿಗ್ಗೆ 6ಕ್ಕೆ ಹೊರಟರೆ 9.30ರ ಸುಮಾರಿಗೆ ಕಣಿವೆಬಾಗಿಲು, 11.30ಕ್ಕೆ ಬುಡ.

ಈಗ ಮುಖ್ಯವಾದ ಕೆಲಸ. ಮುಂದಕ್ಕೆ ಹೋಗುವುದಕ್ಕೂ ಹಿಂದಕ್ಕೆ ಬರುವುದಕ್ಕೂ ಹೆಚ್ಚುಕಮ್ಮಿ ಒಂದೇ ಸಮಯ ಹಿಡಿಯುವ ಜಾಗ ಯಾವುದು ಎಂದು ನೋಡಿ. ಅದು ದೂರದ ಅರ್ಧದಲ್ಲೇ ಇರಬೇಕೆಂದಿಲ್ಲ. ಏರು ಎಲ್ಲಿದೆ ಎನ್ನುವುದರ ಮೇಲೆ ಹಿಂದೆ ಮುಂದೆ ಆಗುತ್ತದೆ. ಮೇಲಿನ ಉದಾಹರಣೆಯಲ್ಲಿ ಕಣಿವೆಬಾಗಿಲಿನಿಂದ ಹಿಂದಕ್ಕೆ ಇಳಿಯಲು ಸುಮಾರು 1 ಗಂಟೆ 50 ನಿಮಿಷ, ಮುಂದಕ್ಕೆ 2 ಗಂಟೆ 5 ನಿಮಿಷ. ಹಾಗಾಗಿ ಅದೇ ನಿರ್ಧಾರದ ಜಾಗ. ಅಲ್ಲಿಗೆ ತಲುಪಲೇಬೇಕಾದ ಗಡುವನ್ನೂ ಬರೆದಿಡಿ: 10 ಗಂಟೆ. 10.20ಕ್ಕೆ ತಲುಪಿದರೆ? ವಾಪಸ್. ಈ ತೀರ್ಮಾನವನ್ನು ಮನೆಯಲ್ಲೇ ಮಾಡಬೇಕು, ಏಕೆಂದರೆ ಬೆಟ್ಟದ ಮೇಲೆ ನಿಂತಾಗ ಎಲ್ಲರಿಗೂ ಇಪ್ಪತ್ತು ನಿಮಿಷ ಏನು ಮಹಾ ಅನ್ನಿಸುತ್ತದೆ.

## ಹಂತ 5: ನೀರು ಮತ್ತು ಉಪ್ಪು ಲೆಕ್ಕ ಹಾಕಿ

ಬಿಸಿಯಲ್ಲಿ ಏರು ನಡೆಯುವವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕು. ಮುಕ್ಕಾಲು ಲೀಟರ್ ಹಿಡಿದರೆ ಐದೂವರೆ ಗಂಟೆಗೆ 4 ಲೀಟರ್ ಚಿಲ್ಲರೆ. ಅದರ ಮೇಲೆ ಒಂದು ಲೀಟರ್ ಆಪತ್ತಿಗೆ. ಒಟ್ಟು 5 ಲೀಟರ್, ಅಂದರೆ ಬೆನ್ನ ಮೇಲೆ 5 ಕಿಲೋ. ಭಾರವಾಯಿತು ಎಂದು ಇದರಲ್ಲಿ ಕಡಿತ ಮಾಡಬೇಡಿ, ಕಡಿತ ಮಾಡಲೇಬೇಕಾದರೆ ದಾರಿಯನ್ನು ಚಿಕ್ಕದು ಮಾಡಿ.

ಇಡೀ ನೀರನ್ನು ಕೊಳವೆಯಿಂದ ಹೀರುವ ಒಂದೇ ಚೀಲದಲ್ಲಿ ತುಂಬುವುದು ಬಹಳ ಜನ ಮಾಡುವ ತಪ್ಪು. ಎಷ್ಟು ಉಳಿದಿದೆ ಎಂದು ಕಾಣಿಸುವುದಿಲ್ಲ, ಮುಳ್ಳು ಚುಚ್ಚಿದರೆ ಎಲ್ಲವೂ ಹೋಯಿತು. ಎರಡು ಮೂರು ಪಾತ್ರೆಗಳಲ್ಲಿ ಹಂಚಿ. ಗಾಡಿಯಲ್ಲೂ ಒಂದೆರಡು ಲೀಟರ್ ಬಿಟ್ಟಿರಿ.

ಬರೀ ನೀರು ಸಾಲದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಉಪ್ಪು ತಿನ್ನದೆ ನೀರನ್ನೇ ಸುರಿದುಕೊಳ್ಳುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೇ ಅಪಾಯವಾಗುತ್ತದೆ. ಗಂಟೆಗೆ ಒಂದೂವರೆ ಲೀಟರಿನ ಹತ್ತಿರ ಹೋಗಬಾರದು. ಉಪ್ಪಿನ ತಿಂಡಿ ಗಂಟೆಗೊಮ್ಮೆ ಬಾಯಿಗೆ ಬೀಳಲಿ, ಒಂದೆರಡು ಓಆರ್‌ಎಸ್ ಪೊಟ್ಟಣ ಇರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕಲಕಿದರಾಯಿತು.

## ಹಂತ 6: ಬ್ಯಾಗ್ ತುಂಬಿ

ತೆಳುವಾದ, ಸಡಿಲ, ತಿಳಿಬಣ್ಣದ ಉದ್ದ ತೋಳಿನ ಅಂಗಿ. ಕತ್ತಿನ ಹಿಂಭಾಗಕ್ಕೂ ನೆರಳು ಕೊಡುವ ಅಗಲ ಅಂಚಿನ ಟೋಪಿ. ಸನ್‌ಸ್ಕ್ರೀನ್, ತಂಪು ಕನ್ನಡಕ. ಗಟ್ಟಿ ಅಡಿಯ ಶೂ, ಅದೂ ಆಗಲೇ ಹಾಕಿ ಪಳಗಿದ್ದು. ಹಗಲಲ್ಲೇ ಮುಗಿಸುತ್ತೇವೆ ಎಂದರೂ ಹೆಡ್‌ಟಾರ್ಚ್ ಬೇಕು. ಕಣಿವೆಯೊಳಗೆ ಸೂರ್ಯ ಬೇಗ ಮರೆಯಾಗುತ್ತಾನೆ. ಸೂರ್ಯ ಮುಳುಗಿದ ಮೇಲೆ ಮರುಭೂಮಿ ಬಲುಬೇಗ ತಣ್ಣಗಾಗುವುದರಿಂದ ಒಂದು ಜಾಕೆಟ್, ಮತ್ತು ಬೆಳ್ಳಿಬಣ್ಣದ ತೆಳು ತುರ್ತು ಹೊದಿಕೆ. ಇದೇ ಹೊದಿಕೆ ಮಧ್ಯಾಹ್ನ ನೆರಳಿಗೂ ಆಗುತ್ತದೆ. ಸೀಟಿ, ಚಿಕ್ಕ ಕನ್ನಡಿ, ದಿಕ್ಸೂಚಿ, ಪವರ್ ಬ್ಯಾಂಕ್, ಬೊಬ್ಬೆಗೆ ಹಚ್ಚುವ ಪಟ್ಟಿ, ಕಾಲಿಗೆ ಸುತ್ತುವ ಬ್ಯಾಂಡೇಜ್.

ಇವುಗಳ ಜೊತೆಗೆ ಬಾಚಣಿಗೆ ಮತ್ತು ಚಿಮಟ. ನಗಬೇಡಿ. ಉತ್ತರ ಅಮೆರಿಕದ ಸೊನೊರಾನ್ ಮರುಭೂಮಿಯಲ್ಲಿ ಚೋಯಾ ಎಂಬ ಪಾಪಾಸುಕಳ್ಳಿ ಇದೆ. ತಾಗಿದರೆ ಸಾಕು, ಅದರ ಮುಳ್ಳುಂಡೆ ಗಿಡದಿಂದ ಕಳಚಿ ಮೈಗೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಕಚ್ಚಿಕೊಳ್ಳುತ್ತದೆ. ಉಂಡೆಗೂ ಚರ್ಮಕ್ಕೂ ನಡುವೆ ಬಾಚಣಿಗೆಯ ಹಲ್ಲು ತೂರಿಸಿ ಹೊರಕ್ಕೆ ಒಮ್ಮೆಲೇ ಚಿಮ್ಮಬೇಕು. ಎದುರಿಗೆ ಯಾರೂ ನಿಂತಿರಬಾರದು. ಒಳಗೆ ಉಳಿದ ಮುಳ್ಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯಬೇಕು.

## ಹಂತ 7: ಒಬ್ಬರಿಗೆ ಬರೆದು ತಿಳಿಸಿ

ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಯಾವ ದಾರಿ, ಯಾವ ಕಡೆಯಿಂದ ಸುತ್ತು, ಎಷ್ಟು ಹೊತ್ತಿಗೆ ಮರಳುವುದು, ಎಷ್ಟು ಹೊತ್ತಿನವರೆಗೂ ಸುದ್ದಿ ಬಾರದಿದ್ದರೆ ಸಹಾಯಕ್ಕೆ ಕರೆ ಮಾಡಬೇಕು, ಯಾವ ನಂಬರಿಗೆ, ಇಷ್ಟನ್ನೂ ಸಂದೇಶ ಕಳಿಸಿ. ಸುತ್ತುವ ದಿಕ್ಕನ್ನು ಬಿಟ್ಟರೆ ಹುಡುಕುವವರು ತಪ್ಪು ಬದಿಯಿಂದ ಶುರುಮಾಡುತ್ತಾರೆ.

## ಹಂತ 8: ನಡೆಯಲು ಶುರುಮಾಡಿ

ಮೊದಲ ಬೆಳಕಿಗೇ ಹೊರಡಿ. ಮೊದಲ ಅರ್ಧ ಗಂಟೆ ಮಾತಾಡುತ್ತ ನಡೆಯಬಲ್ಲಷ್ಟು ನಿಧಾನವಿರಲಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಸಿಗ್ನಲ್ ಹುಡುಕುತ್ತ ಬ್ಯಾಟರಿ ತಿಂದುಹಾಕುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಒಣಗಾಳಿಯಲ್ಲಿ ಬೆವರು ಬಂದಕೂಡಲೇ ಆರಿಹೋಗುವುದರಿಂದ ‘ನಾನು ಬೆವರಲೇ ಇಲ್ಲ’ ಎಂಬ ಭ್ರಮೆ ಹುಟ್ಟುತ್ತದೆ. ಬ್ಯಾಗಿನ ಪಟ್ಟಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ ಎಷ್ಟು ಬೆವರಿದ್ದೀರಿ ಎಂದು ಗೊತ್ತಾಗುತ್ತದೆ.

ಕಣ್ಣಿಗೆ ಕಾಣದ ಜಾಗಕ್ಕೆ ಕೈ ಇಡಬೇಡಿ, ಕಾಲೂ ಇಡಬೇಡಿ. ಬಂಡೆ ಹತ್ತುವಾಗ ಮೇಲಿನ ಅಂಚನ್ನು ಕುರುಡಾಗಿ ಹಿಡಿಯುವ ಅಭ್ಯಾಸ ಬಿಡಿ, ಹಾವು ಚೇಳುಗಳಿಗೂ ನೆರಳು ಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಇಟ್ಟು, ಆದಷ್ಟು ಬೇಗ ಆಸ್ಪತ್ರೆ ತಲುಪುವ ಏರ್ಪಾಡು ಮಾಡಿ.

ದಾರಿ ಬಿಟ್ಟು ಅಡ್ಡ ಹಾಯುವ ಆಸೆಯೂ ಬೇಡ. ಕೆಲವು ಮರುಭೂಮಿಗಳಲ್ಲಿ ನೆಲದ ಮೇಲೆ ಕಪ್ಪಗೆ ಉಬ್ಬುಬ್ಬಾಗಿ ಕಾಣುವ ಜೀವಂತ ಪದರವಿರುತ್ತದೆ. ಒಂದು ಹೆಜ್ಜೆಗೆ ಪುಡಿಯಾದದ್ದು ಚೇತರಿಸಿಕೊಳ್ಳಲು ದಶಕಗಳೇ ಬೇಕು.

## ಹಂತ 9: ಒಣಹಳ್ಳವನ್ನು ದಾಟಿ

ಹಳ್ಳದೊಳಗೆ ಕಾಲ್ದಾರಿ ಉಳಿಯುವುದಿಲ್ಲ, ಪ್ರತಿ ಮಳೆಗೂ ಅಳಿಸಿಹೋಗುತ್ತದೆ. ಮರಳು ಸಮತಟ್ಟಾಗಿ ನಡೆಯಲು ಹಿತವಾಗಿರುವುದರಿಂದ ಜನ ತಲೆ ತಗ್ಗಿಸಿ ನಡೆದುಬಿಡುತ್ತಾರೆ, ಮೇಲೇಳುವ ಜಾಗ ಹಿಂದೆ ಉಳಿಯುತ್ತದೆ. ಮುಂದೆ ಹೋದವರು ಬಿಟ್ಟ ಹೆಜ್ಜೆಗುರುತು ಇದೆಯಲ್ಲ ಎಂದು ನಂಬಬೇಡಿ. ಅವರೂ ತಪ್ಪಿ ಹೋದವರೇ ಇರಬಹುದು.

ಹಳ್ಳಕ್ಕೆ ಇಳಿದ ಕೂಡಲೇ ಹಿಂದಿರುಗಿ ಒಂದು ಫೋಟೊ ತೆಗೆಯಿರಿ. ಚೀಟಿಯಲ್ಲಿ ಬರೆದ ದೂರ ಹತ್ತಿರವಾದಂತೆ ನಿಧಾನಿಸಿ ದಡಗಳನ್ನು ನೋಡಿ: ಕಲ್ಲುಗುಪ್ಪೆ, ಸಾಲಾಗಿ ಅಡ್ಡ ಇಟ್ಟ ಕಲ್ಲು ಅಥವಾ ಕೊಂಬೆ (‘ಈ ಕಡೆ ಹೋಗಬೇಡಿ’ ಎಂಬ ಗುರುತು), ದಡದ ಮೇಲೆ ತುಳಿದು ಸವೆದ ನೆಲ. ಹತ್ತು ನಿಮಿಷ ಯಾವ ಗುರುತೂ ಕಾಣದಿದ್ದರೆ ನಿಂತು ಜಿಪಿಎಸ್ ನೋಡಿ. ಕಲ್ಲುಗುಪ್ಪೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ತಮಾಷೆಗೆ ಪೇರಿಸಿದವೂ ಇರುತ್ತವೆ, ನಕ್ಷೆ ಒಪ್ಪಿದರೆ ಮಾತ್ರ ಮುಂದುವರಿಯಿರಿ. ನೀವೇ ಹೊಸದು ಕಟ್ಟಲೂ ಬೇಡಿ.

ಹಳ್ಳದಲ್ಲಿ ಕುಳಿತು ಊಟ ಮಾಡಬೇಡಿ. ನೀರು ಕೆಂಪಗಾಗುವುದು, ಕಡ್ಡಿ ಕಸ ತೇಲಿಬರುವುದು, ಮೇಲಿಂದ ಗುಡುಗಿನಂಥ ಸದ್ದು ಇವು ಪ್ರವಾಹದ ಲಕ್ಷಣ. ಹಳ್ಳದುದ್ದಕ್ಕೂ ಓಡಿ ಹೊರಬೀಳಲು ನೋಡದೆ ಪಕ್ಕದ ಎತ್ತರಕ್ಕೆ ಹತ್ತಿ.

## ಹಂತ 10: ನಿರ್ಧಾರದ ಜಾಗದಲ್ಲಿ ನಿಂತು ಲೆಕ್ಕ ಕೇಳಿ

ಮೂರು ಪ್ರಶ್ನೆ. ಗಡುವಿನೊಳಗೆ ಬಂದೆವೇ? ತಂದ ನೀರಿನಲ್ಲಿ ಅರ್ಧವಾದರೂ ಉಳಿದಿದೆಯೇ? ಗುಂಪಿನಲ್ಲಿ ಎಲ್ಲಕ್ಕಿಂತ ಹಿಂದೆ ಉಳಿದವರು ಹೇಗಿದ್ದಾರೆ? ಮೂರನೆಯದನ್ನು ‘ಹೇಗಿದ್ದೀರಿ’ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದ್ದೇನೆ ಎನ್ನುತ್ತಾರೆ. ಅವರ ಬಾಟಲಿ ನೋಡಿ, ಹಿಮ್ಮಡಿ ನೋಡಿ, ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಕೇಳಿ. ಒಂದಕ್ಕೆ ಇಲ್ಲ ಎಂದು ಬಂದರೂ ಬಂದ ದಾರಿಯಲ್ಲೇ ಇಳಿಯಿರಿ. ಗೊತ್ತಿರುವ ದಾರಿ ಹದಿನೈದು ನಿಮಿಷ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ಮುಂದುವರಿಯುವುದಾದರೆ ಇಲ್ಲೇ ಶೂ ಬಿಚ್ಚಿ ಮರಳು ಕೊಡವಿ, ಚರ್ಮ ಕೆಂಪಾದಲ್ಲಿ ಪಟ್ಟಿ ಹಚ್ಚಿ, ದಾರ ಬಿಗಿ ಮಾಡಿ. ಇಳಿಯುವಾಗ ಬೆರಳು ಶೂವಿನ ತುದಿಗೆ ಬಡಿಯುವುದು ಇದರಿಂದ ತಪ್ಪುತ್ತದೆ. ಇಳಿಜಾರಿನಲ್ಲಿ ಗುಂಡು ಜಲ್ಲಿ ಹರಡಿದ ಬಂಡೆಯೇ ಹೆಚ್ಚು ಜಾರುವಂಥದ್ದು. ಹೆಜ್ಜೆ ಚಿಕ್ಕದಾಗಲಿ, ಮಂಡಿ ಸ್ವಲ್ಪ ಬಾಗಿರಲಿ.

## ದಾರಿಯುದ್ದಕ್ಕೂ ಗಮನಿಸಬೇಕಾದ ಲಕ್ಷಣಗಳು

ತಲೆನೋವು, ಓಕರಿಕೆ, ಸ್ನಾಯು ಸೆಳೆತ, ತಲೆ ಸುತ್ತು: ಇದು ಬಿಸಿಲಿನ ಬಳಲಿಕೆ. ನೆರಳಿಗೆ ಹೋಗಿ, ಕಾಲು ಎತ್ತಿ ಮಲಗಿಸಿ, ಬಟ್ಟೆ ಒದ್ದೆ ಮಾಡಿ, ಓಆರ್‌ಎಸ್ ನಿಧಾನಕ್ಕೆ ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರೂ ಆ ದಿನದ ಯೋಜನೆ ಅಲ್ಲಿಗೆ ಮುಗಿಯಿತು, ಹತ್ತಿರದ ದಾರಿಯಲ್ಲಿ ಇಳಿಯುವುದಷ್ಟೇ ಬಾಕಿ.

ಮಾತು ತೊದಲುವುದು, ಅಸಂಬದ್ಧ ಉತ್ತರ, ಕುಡುಕರಂತೆ ನಡೆಯುವುದು, ಮೈ ಕಾದ ಹೆಂಚಿನಂತಿರುವುದು: ಇದು ಉಷ್ಣಾಘಾತ, ದೇಹದ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕು ಎಂದೇನಿಲ್ಲ. ಇರುವ ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿ, ಸಹಾಯಕ್ಕೆ ಕರೆಯಿರಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ತುಂಬ ನೀರು ಕುಡಿದಿದ್ದಾರೆ, ತಿಂದದ್ದು ಏನೂ ಇಲ್ಲ, ಮೂತ್ರ ನೀರಿನಷ್ಟೇ ತಿಳಿ, ಬೆರಳು ಊದಿವೆ, ಆದರೂ ವಾಂತಿ ತಲೆನೋವು ಎಂದರೆ ಸೋಡಿಯಂ ಇಳಿದಿರಬಹುದು. ಇಂಥವರಿಗೆ ಇನ್ನಷ್ಟು ನೀರು ಕುಡಿಸಿದರೆ ಕೆಡುತ್ತದೆ. ಉಪ್ಪಿನ ತಿಂಡಿ ಕೊಡಿ, ನೀರು ನಿಲ್ಲಿಸಿ. ಮಂಕು ಕವಿದರೆ ಇದೂ ಆಸ್ಪತ್ರೆಯ ಪ್ರಕರಣವೇ.

## ದಾರಿ ತಪ್ಪಿದರೆ

ನಿಲ್ಲಿ. ಕೆಳಕ್ಕೆ ಇಳಿದರೆ ಎಲ್ಲಾದರೂ ರಸ್ತೆ ಸಿಕ್ಕೀತು ಎಂದು ಹಳ್ಳ ಹಿಡಿಯುವುದು ಇಲ್ಲಿನ ಅತಿ ಕೆಟ್ಟ ಉಪಾಯ, ಹಳ್ಳ ನಿಮ್ಮನ್ನು ಒಣ ಜಲಪಾತದ ಅಂಚಿಗೆ ತಂದು ನಿಲ್ಲಿಸುತ್ತದೆ. ಕೊನೆಯ ಖಚಿತ ಗುರುತು ಎಲ್ಲಿತ್ತೋ ಅಲ್ಲಿಗೆ ಮರಳಿ. ಅದೂ ಸಿಗದಿದ್ದರೆ ಹತ್ತಿರದ ನೆರಳಲ್ಲಿ ಕುಳಿತು ಬಿಸಿಲು ಇಳಿಯುವವರೆಗೆ ಕಾಯಿರಿ. ಬಿಸಿಲಲ್ಲಿ ಅಲೆದರೆ ಉಳಿದ ನೀರೂ ಬೆವರಾಗಿ ಹೋಗುತ್ತದೆ. ಬಾಯಾರಿದಾಗ ಇರುವ ನೀರನ್ನು ಕುಡಿಯಿರಿ, ಉಳಿಸಿಡುತ್ತೇನೆಂದು ಒಣಗಬೇಡಿ. ಕಾದ ನೆಲದ ಮೇಲೆ ನೇರವಾಗಿ ಕೂರದೆ ಬ್ಯಾಗ್ ಹಾಕಿಕೊಳ್ಳಿ. ಸೀಟಿಯನ್ನು ಮೂರು ಮೂರು ಸಲ ಊದಿ, ಹಗಲಲ್ಲಿ ಕನ್ನಡಿಯಿಂದ ಬೆಳಕು ಹಾಯಿಸಿ. ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಕರೆಗಿಂತ ಸಂದೇಶ ಹೋಗುವ ಸಾಧ್ಯತೆ ಹೆಚ್ಚು. ಜಿಪಿಎಸ್ ಅಂಕಿಗಳನ್ನು ಅದರಲ್ಲೇ ಬರೆಯಿರಿ.

## ಹಂತ 11: ಬುಡಕ್ಕೆ ಬಂದ ಮೇಲೆ

ಗಾಡಿ ಹತ್ತುವ ಮೊದಲು ಕಾಯುತ್ತಿರುವವರಿಗೆ ‘ಬಂದೆವು’ ಎಂದು ತಿಳಿಸಿ. ಇದನ್ನು ಮರೆತದ್ದಕ್ಕೇ ಹುಡುಕಾಟ ಶುರುವಾಗಿರುವುದುಂಟು. ನೆರಳಲ್ಲಿ ಕಾಲು ಗಂಟೆ ಕುಳಿತು, ಉಪ್ಪಿನ ತಿಂಡಿಯ ಜೊತೆ ನೀರು ಕುಡಿದು ಆಮೇಲೆ ಗಾಡಿ ಓಡಿಸಿ. ರಾತ್ರಿಯವರೆಗೆ ಮೂತ್ರ ಕಡು ಹಳದಿಯಾಗಿಯೇ ಇದ್ದರೆ ಕುಡಿಯುವುದನ್ನು ಮುಂದುವರಿಸಿ. ಕಡು ಕಂದು ಬಣ್ಣಕ್ಕೆ ತಿರುಗಿ, ಸ್ನಾಯುಗಳು ವಿಪರೀತ ನೋಯುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರ ಬಳಿ ಹೋಗಿ.